ಶ್ರುತಪ್ರಮಾಣ ಮತ್ತು ನ್ಯಾಯಾಲಯದ ಸಾಕ್ಷ್ಯ: ಸಲ್ಲೇಖನ ವ್ಯವಹಾರದ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

ಜೈನದರ್ಶನದಲ್ಲಿ ಪ್ರಮಾಣವಿಚಾರಕ್ಕೆ ಅಗ್ರಸ್ಥಾನವಿದೆ. ತತ್ತ್ವಗಳ ಅರಿವು ಪ್ರಮಾಣ ಮತ್ತು ನಯಗಳಿಂದ ಉಂಟಾಗತಕ್ಕದ್ದೆಂದು ತತ್ತ್ವಾರ್ಥಸೂತ್ರಕಾರರು ಮೊದಲ ಅಧ್ಯಾಯದಲ್ಲಿಯೇ ನಿರೂಪಿಸಿದ್ದಾರೆ. ಭಟ್ಟಾಕಲಂಕದೇವರ ವ್ಯವಸ್ಥೆಯಲ್ಲಿ ಸ್ಮೃತಿ, ಪ್ರತ್ಯಭಿಜ್ಞಾನ, ತರ್ಕ, ಅನುಮಾನ, ಆಗಮ ಎಂಬ ಐದೂ ಪರೋಕ್ಷಪ್ರಮಾಣಗಳೆನಿಸುತ್ತವೆ. ಆಗಮವು ಪ್ರಮಾಣವಾಗುವುದು ಅದು ಆಪ್ತವಚನವಾದುದರಿಂದ. ಆಪ್ತನ ಲಕ್ಷಣವೇನೆಂಬುದನ್ನು ಸಮಂತಭದ್ರಾಚಾರ್ಯರು ಪರೀಕ್ಷಾಪೂರ್ವಕವಾಗಿ ನಿರ್ಣಯಿಸಿದ್ದಾರೆ. ನಂಬಿಕೆಗೆ ಮುನ್ನ ಪರೀಕ್ಷೆ ನಡೆಯಬೇಕೆಂಬುದು ಈ ಪರಂಪರೆಯ ನಿಲುವು.

ನ್ಯಾಯಾಲಯಕ್ಕೂ ತನ್ನದೇ ಆದ ಪ್ರಮಾಣಶಾಸ್ತ್ರವೊಂದುಂಟು. ಅದನ್ನು ಸಾಕ್ಷ್ಯವಿಧಿಯೆಂದು ಕರೆಯುತ್ತಾರೆ. ಯಾವ ಹೇಳಿಕೆಯನ್ನು ಸ್ವೀಕರಿಸಬಹುದು, ಯಾವ ಬರಹವನ್ನು ನಿಜವೆಂದು ಊಹಿಸಬಹುದು, ರುಜುವಾತಿನ ಹೊಣೆ ಯಾರದು ಎಂಬ ಪ್ರಶ್ನೆಗಳಿಗೆ ಅದು ಉತ್ತರ ಹೇಳುತ್ತದೆ. ಈ ಎರಡು ಪ್ರಮಾಣಶಾಸ್ತ್ರಗಳು ಪರಸ್ಪರ ಎದುರಾದ ಸಂದರ್ಭಗಳು ಜೈನಸಮಾಜದ ಚರಿತ್ರೆಯಲ್ಲಿ ಹಲವು. ಅವುಗಳಲ್ಲಿ ಅತ್ಯಂತ ಗಂಭೀರವಾದುದು 2015ರ ಆಗಸ್ಟ್ 10ರಂದು ರಾಜಸ್ಥಾನದ ಹೈಕೋರ್ಟು ನೀಡಿದ ತೀರ್ಪು. ಸಲ್ಲೇಖನ ಅಥವಾ ಸಂಥಾರಾ ಜೈನಧರ್ಮದ ಅತ್ಯಾವಶ್ಯಕ ಆಚರಣೆಯೆಂಬುದಕ್ಕೆ ಶಾಸ್ತ್ರಾಧಾರ ಕಂಡುಬರಲಿಲ್ಲವೆಂದು ಹೇಳಿ, ಅದನ್ನು ಆತ್ಮಹತ್ಯೆಯ ಪ್ರಯತ್ನವೆಂದು ಪರಿಗಣಿಸುವಂತೆ ಆ ತೀರ್ಪು ರಾಜ್ಯಾಧಿಕಾರಿಗಳಿಗೆ ಆದೇಶಿಸಿತು. ಶಾಸ್ತ್ರಾಧಾರವಿಲ್ಲವೆಂಬ ಮಾತು ಗ್ರಂಥಸಂಪಾದನೆಯಲ್ಲಿ ತೊಡಗಿದವರನ್ನು ನೇರವಾಗಿ ತಟ್ಟುವ ಮಾತು. ಇಂಥ ನಿರ್ಣಯಕ್ಕೆ ಎಡೆಯಾದ ಚಾರಿತ್ರಿಕ ಕಾರಣಗಳನ್ನೂ, ಅದರಲ್ಲಿ ಹಸ್ತಪ್ರತಿಶಾಸ್ತ್ರಕ್ಕೆ ಸಂಬಂಧಿಸಿದ ಅಂಶಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

1. ರಾಜಸಭೆಯ ನಿರ್ಣಯ ಮತ್ತು ಕಲ್ಲಿನ ದಾಖಲೆ

ಧಾರ್ಮಿಕ ಹಕ್ಕಿನ ವಿವಾದವೊಂದು ವಿಚಾರಣೆಗೆ ಬಂದು, ಇತ್ಯರ್ಥವಾಗಿ, ದಾಖಲೆಗೊಂಡ ನಿದರ್ಶನ ಕನ್ನಡ ನಾಡಿನಲ್ಲಿಯೇ ದೊರೆಯುತ್ತದೆ. ಶಕವರ್ಷ 1290, ಎಂದರೆ ಕ್ರಿ.ಶ. 1368ರಲ್ಲಿ, ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಉಂಟಾದಾಗ ನಾನಾ ನಾಡುಗಳ ಭವ್ಯಜನರು ವಿಜಯನಗರದ ಒಂದನೆಯ ಬುಕ್ಕರಾಯನಲ್ಲಿ ಬಿನ್ನಹ ಮಾಡಿಕೊಂಡರು. ಆತನ ನಿರ್ಣಯವು ಶ್ರವಣಬೆಳಗೊಳದ ಶಾಸನದಲ್ಲಿಯೂ ಮಾಗಡಿ ತಾಲೂಕಿನ ಕಲ್ಯದ ಶಾಸನದಲ್ಲಿಯೂ ಉಳಿದುಬಂದಿದೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಮೇಲಿನ ಜೈನರ ಪೂರ್ವಮರ್ಯಾದೆಯನ್ನು ಅರಸನು ಎತ್ತಿಹಿಡಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಿ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕೆಂದೂ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಕಟ್ಟಳೆ ಮಾಡಲಾಯಿತು. ಇದರ ನಿರ್ವಹಣೆಯ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ, ಅಂದರೆ ಪ್ರತಿಪಕ್ಷದ ಗಣ್ಯನೊಬ್ಬನಿಗೇ ಒಪ್ಪಿಸಿದುದು ಗಮನಾರ್ಹ.

ಈ ಶಾಸನವನ್ನು ಮತಸಾಮರಸ್ಯದ ಕುರುಹೆಂದು ಚರಿತ್ರಕಾರರು ಬಹುವಾಗಿ ಕೊಂಡಾಡಿದ್ದಾರೆ. ಸಾಕ್ಷ್ಯದ ದೃಷ್ಟಿಯಿಂದಲೂ ಅದಕ್ಕೆ ಮಹತ್ತ್ವವಿದೆ. ನಿರ್ಣಯವನ್ನು ಬಸದಿಗಳಲ್ಲೆಲ್ಲ ಶಾಸನವಾಗಿ ನೆಡಿಸಬೇಕೆಂಬುದು ಅದರಲ್ಲಿ ಅಡಕವಾದ ಆದೇಶ. ಹಕ್ಕು ದೊರೆತ ಮಾತ್ರಕ್ಕೆ ಸಾಲದು, ಮುಂದೊಮ್ಮೆ ಪ್ರಶ್ನೆ ಎದ್ದಾಗ ತೋರಿಸಲು ದಾಖಲೆಯೂ ಇರಬೇಕು. ಅದು ಒಂದೆಡೆ ಅಳಿದರೂ ಮತ್ತೊಂದೆಡೆ ಉಳಿಯಬೇಕು ಎಂಬ ವಿವೇಕ ಅಲ್ಲಿ ಕಾಣುತ್ತದೆ. ಬೆಳಗೊಳ ಮತ್ತು ಕಲ್ಯದ ಎರಡು ಪಾಠಗಳನ್ನು ಇಂದು ಹೋಲಿಸಿ ನೋಡಲು ಸಾಧ್ಯವಾಗಿರುವುದು ಆ ವಿವೇಕದ ಫಲ.

2. ಬ್ರಿಟಿಷರ ನ್ಯಾಯಾಲಯಗಳಲ್ಲಿ ಜೈನಗ್ರಂಥ

ಹತ್ತೊಂಬತ್ತನೆಯ ಶತಮಾನದಲ್ಲಿ ಪರಿಸ್ಥಿತಿ ಬೇರೆಯಾಯಿತು. ದತ್ತಕ, ದಾಯಭಾಗ, ವಿಧವೆಯ ಹಕ್ಕು ಮೊದಲಾದ ವಿಷಯಗಳಲ್ಲಿ ಜೈನರಿಗೆ ಅನ್ವಯಿಸುವ ಧರ್ಮಶಾಸ್ತ್ರ ಯಾವುದು ಎಂಬ ಪ್ರಶ್ನೆ ನ್ಯಾಯಾಲಯಗಳ ಮುಂದೆ ಬಂದಿತು. ಗ್ರಂಥವಾಕ್ಯಕ್ಕಿಂತ ಸ್ಪಷ್ಟವಾಗಿ ರುಜುವಾತಾದ ರೂಢಿಯೇ ಬಲವತ್ತರವೆಂದು ಪ್ರಿವಿ ಕೌನ್ಸಿಲ್ 1868ರಲ್ಲಿ ರಾಮನಾಡಿನ ಪ್ರಕರಣದಲ್ಲಿ ಹೇಳಿತ್ತು. ಹಿಂದೂ ಧರ್ಮಶಾಸ್ತ್ರಕ್ಕೆ ಭಿನ್ನವಾದ ರೂಢಿಯುಂಟೆನ್ನುವ ಜೈನ ಪಕ್ಷಗಾರನೇ ಅದನ್ನು ಸಿದ್ಧಪಡಿಸತಕ್ಕದ್ದೆಂದು ಮುಂಬಯಿಯ ಹೈಕೋರ್ಟು 1873ರಲ್ಲಿ ಭಗವಾನದಾಸ ತೇಜಮಲನ ಪ್ರಕರಣದಲ್ಲಿ ನಿರ್ಧರಿಸಿತು. 1878ರಲ್ಲಿ ಪ್ರಿವಿ ಕೌನ್ಸಿಲಿಗೆ ಬಂದ ಎರಡು ಪ್ರಕರಣಗಳಲ್ಲಿ ಈ ನಿಯಮದ ಎರಡು ಮುಖಗಳೂ ಕಾಣುತ್ತವೆ. ಶಿವಸಿಂಗರಾಯ ಮತ್ತು ದಾಖೋ ಇವರ ವ್ಯಾಜ್ಯದಲ್ಲಿ ಸಾಕ್ಷಿಗಳ ಹೇಳಿಕೆಯಿಂದ ರೂಢಿ ಸಿದ್ಧವಾದುದರಿಂದ, ಪುತ್ರಹೀನಳಾದ ಜೈನ ವಿಧವೆ ಗಂಡನ ಅನುಮತಿಯಿಲ್ಲದೆ ದತ್ತಕ ಸ್ವೀಕರಿಸಬಲ್ಲಳೆಂಬುದು ಮಾನ್ಯವಾಯಿತು. ಛೋಟೇಲಾಲನ ಪ್ರಕರಣದಲ್ಲಿ ವಿಶೇಷ ರೂಢಿ ಸಿದ್ಧವಾಗದ ಕಾರಣ ಸಾಮಾನ್ಯ ಹಿಂದೂ ಧರ್ಮಶಾಸ್ತ್ರವನ್ನೇ ಅನ್ವಯಿಸಲಾಯಿತು.

ಈ ನಿರ್ಣಯಗಳ ಕಾಲವನ್ನು ಹಸ್ತಪ್ರತಿಶೋಧದ ಚರಿತ್ರೆಯೊಂದಿಗೆ ಇಟ್ಟು ನೋಡಬೇಕು. ಬ್ಯೂಲರ್ ಮತ್ತು ಯಾಕೋಬಿ ಜೈಸಲ್ಮೇರಿನ ಭಂಡಾರಕ್ಕೆ ಹೋದದ್ದು 1874ರಲ್ಲಿ. ಜೈನಧರ್ಮವು ಬೌದ್ಧಧರ್ಮದ ಶಾಖೆಯಲ್ಲವೆಂಬುದನ್ನು ಯಾಕೋಬಿ ಪ್ರತಿಪಾದಿಸಿದ ಕಲ್ಪಸೂತ್ರದ ಆವೃತ್ತಿ ಹೊರಬಂದದ್ದು 1879ರಲ್ಲಿ. ಆಚಾರಾಂಗದ ಅನುವಾದ 1884ರಲ್ಲಿ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ರಕ್ಷಿತವಾಗಿದ್ದ ಧವಲಾ ಟೀಕೆಯ ಮೊದಲ ಸಂಪುಟ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದದ್ದು 1939ರಲ್ಲಿ. ಹೀಗೆ, ಜೈನರು ಯಾರು ಎಂಬುದನ್ನು ನ್ಯಾಯಪೀಠಗಳು ನಿರ್ಧರಿಸಿದಾಗ ಜೈನರ ಗ್ರಂಥಗಳು ಇನ್ನೂ ಭಂಡಾರಗಳಲ್ಲಿದ್ದವು. ಗ್ರಂಥಗಳು ಬೆಳಕಿಗೆ ಬರುವ ವೇಳೆಗೆ ಪೂರ್ವನಿರ್ಣಯಗಳು ಗಟ್ಟಿಗೊಂಡಿದ್ದವು. 1927ರಲ್ಲಿ ಗಟೆಪ್ಪ ಮತ್ತು ಎರಮ್ಮ ಇವರ ಪ್ರಕರಣದಲ್ಲಿ ಮದರಾಸಿನ ಹೈಕೋರ್ಟಿನ ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಪ್ರಶ್ನೆ ಹೊಸದಾಗಿ ಬಂದಿದ್ದ ಪಕ್ಷದಲ್ಲಿ, ಜೈನರು ಹಿಂದೂಧರ್ಮದಿಂದ ಸಿಡಿದುಹೋದವರಲ್ಲವೆಂದೂ ಅವರ ಧರ್ಮದ ಚರಿತ್ರೆ ಸ್ಮೃತಿಗಳಿಗಿಂತ ಪ್ರಾಚೀನವೆಂದೂ ಆಧುನಿಕ ಸಂಶೋಧನೆಯನ್ನು ಅನುಸರಿಸಿ ತಾವು ನಿರ್ಣಯಿಸಬಹುದಾಗಿತ್ತೆಂದೂ, ಆದರೆ ದೀರ್ಘಕಾಲದ ಪೂರ್ವನಿರ್ಣಯಗಳಿಗೆ ತಾವು ಬದ್ಧರೆಂದೂ ಅವರ ಅಭಿಪ್ರಾಯ. ತಡವಾಗಿ ಬಂದ ಪ್ರಮಾಣಕ್ಕೆ ಒದಗಿದ ಗತಿಯಿದು.

ಆತುರವಾಗಿ ತಂದ ಪ್ರಮಾಣದ ಗತಿಯೂ ಇದಕ್ಕಿಂತ ಉತ್ತಮವಾಗಲಿಲ್ಲ. ಜೈನರಿಗೂ ಸ್ವತಂತ್ರ ಧರ್ಮಶಾಸ್ತ್ರವಿದೆಯೆಂದು ತೋರಿಸುವ ಸದುದ್ದೇಶದಿಂದ ಜುಗಮಂದರಲಾಲ ಜೈನಿಯವರು 1916ರಲ್ಲಿ ಭದ್ರಬಾಹುಸಂಹಿತೆಯ ದಾಯಭಾಗವನ್ನು ಅನುವಾದಸಹಿತ ಪ್ರಕಟಿಸಿದರು. 1926ರಲ್ಲಿ ಬ್ಯಾರಿಸ್ಟರ್ ಚಂಪತರಾಯ ಜೈನರು ಅದರೊಂದಿಗೆ ಅರ್ಹನ್ನೀತಿ, ವರ್ಧಮಾನನೀತಿ ಮೊದಲಾದವುಗಳನ್ನೂ ಬಳಸಿಕೊಂಡು ಜೈನ ಕಾನೂನಿನ ಸಂಗ್ರಹವೊಂದನ್ನು ರಚಿಸಿದರು. ಆದರೆ ಪಂಡಿತ ಜುಗಲಕಿಶೋರ ಮುಖ್ತಾರರು ತಮ್ಮ ಗ್ರಂಥಪರೀಕ್ಷೆಯಲ್ಲಿ, ಪ್ರಚಲಿತ ಭದ್ರಬಾಹುಸಂಹಿತೆಯು ಶ್ರುತಕೇವಲಿ ಭದ್ರಬಾಹುವಿನ ಕೃತಿಯಲ್ಲ, ಅನ್ಯಗ್ರಂಥಗಳಿಂದ ಆಯ್ದು ಕಟ್ಟಿದ ಅರ್ವಾಚೀನ ರಚನೆಯೆಂದು ಅಂತರಂಗ ಸಾಕ್ಷ್ಯದಿಂದ ತೋರಿಸಿಕೊಟ್ಟರು. ಆ ಪರೀಕ್ಷೆ ಸಮಾಜದಲ್ಲಿ ಹಲವರಿಗೆ ಅಪ್ರಿಯವಾಯಿತು. ಆದರೂ ಪ್ರತಿಪಕ್ಷದ ವಕೀಲನು ತೋರಿಸಬಹುದಾಗಿದ್ದ ದೋಷವನ್ನು ಸ್ವಪಕ್ಷದ ಪಂಡಿತನೇ ಮೊದಲು ಎತ್ತಿ ತೋರಿಸಿದುದು ಜೈನವಿದ್ವತ್ತಿಗೆ ಗೌರವ ತರತಕ್ಕ ಸಂಗತಿಯೇ. ಮುಂದೆ 1955 ಮತ್ತು 1956ರ ಹಿಂದೂ ಅಧಿನಿಯಮಗಳು ಜೈನರಿಗೂ ಅನ್ವಯಿಸಿದುದರಿಂದ ದಾಯಭಾಗದ ಚರ್ಚೆ ಬಹುಮಟ್ಟಿಗೆ ಮುಗಿಯಿತು. ಗ್ರಂಥಪ್ರಮಾಣದ ಪ್ರಶ್ನೆ ಮಾತ್ರ ಮುಗಿಯಲಿಲ್ಲ.

3. ಸಾಕ್ಷ್ಯವಿಧಿಯಲ್ಲಿ ಗ್ರಂಥದ ಸ್ಥಾನ

1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಸುಮಾರು ಒಂದೂವರೆ ಶತಮಾನ ಜಾರಿಯಲ್ಲಿದ್ದು, 2024ರ ಜುಲೈ 1ರಂದು ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿತು. ಕಲಮುಗಳ ಸಂಖ್ಯೆ ಬದಲಾದರೂ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ತತ್ತ್ವಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಹಳೆಯ ಸಂಖ್ಯೆಗಳನ್ನೇ ಅನುಸರಿಸಿ ಅವುಗಳನ್ನು ಹೀಗೆ ಸಂಗ್ರಹಿಸಬಹುದು.

ಹಕ್ಕು ಅಥವಾ ರೂಢಿಯ ಅಸ್ತಿತ್ವ ಪ್ರಶ್ನೆಗೆ ಬಂದಾಗ, ಅದನ್ನು ಚಲಾಯಿಸಿದ, ಒಪ್ಪಿದ ಅಥವಾ ನಿರಾಕರಿಸಿದ ಪ್ರತ್ಯೇಕ ಸಂದರ್ಭಗಳು ಪ್ರಸ್ತುತವೆನಿಸುತ್ತವೆ (13ನೆಯ ಕಲಂ). ಗತಿಸಿದ ವ್ಯಕ್ತಿ ಸಾರ್ವಜನಿಕ ಹಕ್ಕು ಅಥವಾ ರೂಢಿಯ ವಿಷಯದಲ್ಲಿ ನೀಡಿದ ಅಭಿಪ್ರಾಯವು, ವಿವಾದ ಹುಟ್ಟುವುದಕ್ಕೆ ಮೊದಲಿನದಾದರೆ ಗ್ರಾಹ್ಯ (32ನೆಯ ಕಲಮಿನ 4ನೆಯ ಉಪಕಲಂ). ಒಂದು ಜನಸಮುದಾಯದ ಆಚಾರ ಮತ್ತು ಸಿದ್ಧಾಂತಗಳ ಬಗೆಗೆ ವಿಶೇಷ ತಿಳಿವಳಿಕೆಯುಳ್ಳವರ ಅಭಿಪ್ರಾಯವೂ ಗ್ರಾಹ್ಯ (49ನೆಯ ಕಲಂ). ಸಾರ್ವಜನಿಕ ಚರಿತ್ರೆ, ಸಾಹಿತ್ಯ, ಶಾಸ್ತ್ರ ಮತ್ತು ಕಲೆಗಳ ವಿಷಯದಲ್ಲಿ ನ್ಯಾಯಾಲಯವು ತಕ್ಕ ಗ್ರಂಥಗಳ ನೆರವು ಪಡೆಯಬಹುದು (57ನೆಯ ಕಲಂ). ಮೂವತ್ತು ವರ್ಷ ಹಳೆಯದಾದ ಬರಹವು ತಕ್ಕ ಸುಪರ್ದಿನಿಂದ ಬಂದಿದ್ದರೆ, ಅದರ ಸಹಿ ಮತ್ತು ಕೈಬರಹ ಯಾರದೆಂದು ತೋರುವುದೋ ಅವರದೇ ಎಂದು ಊಹಿಸಬಹುದು (90ನೆಯ ಕಲಂ).

ಕಡೆಯ ನಿಯಮವನ್ನು ಕಂಡು ಭಂಡಾರಗಳ ಪ್ರಾಚೀನ ಓಲೆಗಳಿಗೆಲ್ಲ ಸಹಜವಾಗಿಯೇ ಪ್ರಾಮಾಣ್ಯ ದೊರೆಯುವುದೆಂದು ಭಾವಿಸುವುದು ಸರಿಯಲ್ಲ. ಆ ಊಹೆ ಬರಹದ ಕೈಗೆ ಸಂಬಂಧಿಸಿದುದೇ ಹೊರತು ಬರಹದ ಒಳಗಿನ ಮಾತಿನ ಸತ್ಯಕ್ಕೆ ಸಂಬಂಧಿಸಿದುದಲ್ಲ. ಅಲ್ಲದೆ, ಈ ಊಹೆ ಮೂಲಪತ್ರಕ್ಕೆ ಮಾತ್ರ ಸಲ್ಲುವುದು, ನಕಲಿಗೆ ಸಲ್ಲದು ಎಂದು ಪ್ರಿವಿ ಕೌನ್ಸಿಲ್ 1935ರಲ್ಲಿ ಬಸಂತಸಿಂಗನ ಪ್ರಕರಣದಲ್ಲಿ ನಿರ್ಣಯಿಸಿದೆ. ಪ್ರಾಚೀನ ಆಗಮಗ್ರಂಥದ ಮಟ್ಟಿಗೆ ಭಂಡಾರದಲ್ಲಿರುವ ಪ್ರತಿಗಳೆಲ್ಲವೂ ಪ್ರತಿಯ ಪ್ರತಿಗಳೇ. ಧವಲಾ ಟೀಕೆ ಮುಗಿದದ್ದು ಒಂಬತ್ತನೆಯ ಶತಮಾನದಲ್ಲಿ. ಉಳಿದಿರುವ ತಾಳೆಗರಿಗಳು ಅದಕ್ಕಿಂತ ಶತಮಾನಗಳಷ್ಟು ಈಚಿನವು. ಹೀಗಿರಲಾಗಿ ಓಲೆಯ ವಯಸ್ಸೊಂದೇ ಗ್ರಂಥದ ಪ್ರಾಮಾಣ್ಯವನ್ನು ಸ್ಥಾಪಿಸಲಾರದು. ಪ್ರತಿಗಳ ವಂಶ, ಲಿಪಿಕಾರರ ಪ್ರಶಸ್ತಿ, ಅನ್ಯಗ್ರಂಥಗಳಲ್ಲಿಯ ಉಲ್ಲೇಖ, ಟೀಕಾಪರಂಪರೆ ಇವುಗಳ ಮೂಲಕ ಪಾಠವನ್ನು ನಿರ್ಣಯಿಸಿ ಹೇಳಬಲ್ಲ ವಿದ್ವಾಂಸನ ಅಭಿಪ್ರಾಯವೇ ಅದಕ್ಕೆ ಬೇಕು. ಸಾಕ್ಷ್ಯವಿಧಿಯಲ್ಲಿ ಅದಕ್ಕೆ ಅವಕಾಶವಿದೆ. ಆ ಅವಕಾಶವನ್ನು ಬಳಸಿಕೊಂಡುದು ಕಡಿಮೆ.

4. ಸಂವಿಧಾನ ಮತ್ತು ಅತ್ಯಾವಶ್ಯಕ ಆಚರಣೆಯ ಪರೀಕ್ಷೆ

1950ರಲ್ಲಿ ಸಂವಿಧಾನವು ಜಾರಿಗೆ ಬಂದ ಮೇಲೆ ಪ್ರಶ್ನೆಯ ಸ್ವರೂಪ ಬದಲಾಯಿತು. ಯಾವ ಧರ್ಮಶಾಸ್ತ್ರ ಅನ್ವಯಿಸುತ್ತದೆ ಎಂಬುದರ ಬದಲು, ಯಾವ ಆಚರಣೆಗೆ 25 ಮತ್ತು 26ನೆಯ ಅನುಚ್ಛೇದಗಳ ರಕ್ಷಣೆಯಿದೆ ಎಂಬುದು ಮುಂದೆ ಬಂದಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಧರ್ಮದ ಅತ್ಯಾವಶ್ಯಕ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳನ್ನು ನೋಡಿಯೇ ತಿಳಿಯತಕ್ಕದ್ದೆಂದು ಹೇಳಿತು. ಅದೇ ವರ್ಷ ಮುಂಬಯಿಯ ಸಾರ್ವಜನಿಕ ದತ್ತಿಗಳ ಅಧಿನಿಯಮವನ್ನು ಪ್ರಶ್ನಿಸಿ ಜೈನ ಮಂದಿರದ ವ್ಯವಸ್ಥಾಪಕರು ತಂದ ರತಿಲಾಲ ಪಾನಾಚಂದ ಗಾಂಧಿಯವರ ಪ್ರಕರಣದಲ್ಲಿ, ಧರ್ಮವೆಂದರೆ ನಂಬಿಕೆ ಮಾತ್ರವಲ್ಲ, ಆ ನಂಬಿಕೆಯಿಂದ ನಡೆಯುವ ಆಚರಣೆಯೂ ಹೌದೆಂಬ ತತ್ತ್ವ ದೃಢಪಟ್ಟಿತು.

ಬರಬರುತ್ತ ಪರೀಕ್ಷೆ ಕಠಿನವಾಯಿತು. 1961ರ ಅಜ್ಮೀರ ದರ್ಗಾ ಸಮಿತಿಯ ಪ್ರಕರಣದಲ್ಲಿ, ಮೂಢನಂಬಿಕೆಯಿಂದ ಬಂದು ಸೇರಿಕೊಂಡ ಆಚರಣೆಗಳನ್ನು ಅತ್ಯಾವಶ್ಯಕ ಆಚರಣೆಗಳಿಂದ ಬೇರ್ಪಡಿಸಿ ನೋಡಬೇಕೆಂಬ ಮಾತು ಬಂದಿತು. ಆನಂದಮಾರ್ಗದ ತಾಂಡವನೃತ್ಯದ ಪ್ರಕರಣಗಳು ಗ್ರಂಥಸಂಪಾದಕರಿಗೆ ವಿಶೇಷ ಪಾಠ ಹೇಳುತ್ತವೆ. ತಾಂಡವವನ್ನು 1966ರಲ್ಲಿ ಆರಂಭಿಸಿದುದರಿಂದ ಅದು ಆ ಪಂಥದ ಅತ್ಯಾವಶ್ಯಕ ಅಂಗವಲ್ಲವೆಂದು 1983ರಲ್ಲಿ ನಿರ್ಣಯವಾಯಿತು. ಆ ಬಳಿಕ ಪಂಥದ ‘ಚರ್ಯಾಚರ್ಯ’ ಎಂಬ ಗ್ರಂಥವನ್ನು ಪರಿಷ್ಕರಿಸಿ ತಾಂಡವದ ವಿಧಿಯನ್ನು ಸೇರಿಸಲಾಯಿತು. 2004ರಲ್ಲಿ ಪ್ರಶ್ನೆ ಮತ್ತೆ ಬಂದಾಗ ಸರ್ವೋಚ್ಚ ನ್ಯಾಯಾಲಯದ ಬಹುಮತದ ತೀರ್ಪು ಆ ಪರಿಷ್ಕೃತ ಪಾಠವನ್ನು ಮನ್ನಿಸಲಿಲ್ಲ. ಬೇಕಾದಾಗ ಬದಲಿಸಬಹುದಾದ ಭಾಗವು ಧರ್ಮದ ಸಾರವಾಗಲಾರದೆಂದು ಹೇಳಿತು. ವಿವಾದಕ್ಕೆ ಮೊದಲಿನ ಬರಹಕ್ಕೆ ಬೆಲೆ, ವಿವಾದದ ನಂತರದ ಬರಹದ ಮೇಲೆ ಶಂಕೆ ಎಂಬ ಸಾಕ್ಷ್ಯವಿಧಿಯ ಹಳೆಯ ತತ್ತ್ವ ಸಂವಿಧಾನದ ವ್ಯವಹಾರದಲ್ಲಿಯೂ ಹೀಗೆ ಕೆಲಸ ಮಾಡಿತು.

5. 2015ರ ತೀರ್ಪು ಮತ್ತು ಆಗಮದ ಮಾತು

ಸಂಥಾರಾ ಆಚರಣೆಯನ್ನು ತಡೆಯಬೇಕೆಂದು ಕೋರಿ ಸಾರ್ವಜನಿಕ ಹಿತಾಸಕ್ತಿಯ ರಿಟ್ ಅರ್ಜಿಯೊಂದು 2006ರಲ್ಲಿ ಜಯಪುರದಲ್ಲಿ ದಾಖಲಾಯಿತು. ರಿಟ್ ವ್ಯವಹಾರಗಳು ಸಾಮಾನ್ಯವಾಗಿ ಪ್ರಮಾಣಪತ್ರಗಳ ಮತ್ತು ಅವುಗಳೊಂದಿಗೆ ಇಟ್ಟ ಬರಹಗಳ ಆಧಾರದಿಂದಲೇ ನಡೆಯುತ್ತವೆ. ಸಿವಿಲ್ ದಾವೆಯಲ್ಲಿ ನಡೆಯುವಂತೆ ಪಂಡಿತನೊಬ್ಬನನ್ನು ಕಟಕಟೆಗೆ ಕರೆದು, ಗ್ರಂಥವನ್ನು ಮುಂದಿಟ್ಟು, ಪಾಟೀಸವಾಲಿಗೆ ಗುರಿಪಡಿಸಿ ಪಾಠದ ಅರ್ಥವನ್ನು ನಿಶ್ಚಯಿಸುವ ಕ್ರಮಕ್ಕೆ ಅಲ್ಲಿ ಎಡೆ ಕಡಿಮೆ. ಒಂಬತ್ತು ವರ್ಷಗಳ ನಂತರ ಬಂದ ತೀರ್ಪಿನ ತಿರುಳು ಎರಡು ಮಾತುಗಳಲ್ಲಿದೆ. ಮೊದಲನೆಯದು, ಬದುಕುವ ಹಕ್ಕಿನಲ್ಲಿ ಸಾಯುವ ಹಕ್ಕು ಸೇರಿಲ್ಲವೆಂದು 1996ರಲ್ಲಿ ಜ್ಞಾನಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದು. ಎರಡನೆಯದು, ಸಲ್ಲೇಖನವಿಲ್ಲದೆ ಮೋಕ್ಷವಿಲ್ಲವೆಂದು ಯಾವ ಜೈನಶಾಸ್ತ್ರವೂ ವಿಧಿಸಿಲ್ಲವಾದುದರಿಂದ ಅದು ಅತ್ಯಾವಶ್ಯಕವಲ್ಲವೆಂಬುದು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಈ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಎರಡನೆಯ ಮಾತನ್ನು ಶಾಸ್ತ್ರದೃಷ್ಟಿಯಿಂದ ಪರೀಕ್ಷಿಸಬೇಕು. ಸಲ್ಲೇಖನವಿಲ್ಲದೆ ಮೋಕ್ಷವೇ ಇಲ್ಲವೆಂಬ ವಿಧಿವಾಕ್ಯವನ್ನು ಹುಡುಕಿದರೆ ಅದು ದೊರೆಯದಿರಬಹುದು. ಆದರೆ ದೊರೆಯದಿರುವುದಕ್ಕೆ ಕಾರಣ ಆಚರಣೆಯ ಗೌಣತೆಯಲ್ಲ, ಅದರ ಸ್ವರೂಪ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕವ್ರತಗಳನ್ನು ಹೇಳಿದೊಡನೆಯೇ ಮಾರಣಾಂತಿಕ ಸಲ್ಲೇಖನದ ಪ್ರಸ್ತಾಪವಿದೆ. ಅಲ್ಲಿ ಬಳಸಿರುವ ‘ಜೋಷಿತಾ’ ಎಂಬ ಪದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಪ್ರೀತಿಯಿಂದ ಸೇವಿಸುವವನೆಂದು ಅರ್ಥಮಾಡಿ, ಪ್ರೀತಿಯಿಲ್ಲದಿರುವಲ್ಲಿ ಬಲಾತ್ಕಾರದಿಂದ ಸಲ್ಲೇಖನವನ್ನು ಮಾಡಿಸಲಾಗದೆಂದು ವಿವರಿಸಿದ್ದಾರೆ. ವಿಧಿಯ ಒತ್ತಾಯವಿದ್ದರೆ ಅದು ಸಲ್ಲೇಖನವೇ ಆಗದು. ಕಡ್ಡಾಯವಾದುದು ಮಾತ್ರ ಅತ್ಯಾವಶ್ಯಕವೆಂಬ ಅಳತೆಗೋಲನ್ನು, ಕಡ್ಡಾಯವಾಗಲಾರದೆಂಬುದೇ ಲಕ್ಷಣವಾಗಿರುವ ಆಚರಣೆಗೆ ಹಿಡಿದರೆ ಬರುವ ಉತ್ತರ ಮೊದಲೇ ನಿಶ್ಚಿತವಾಗಿಬಿಡುತ್ತದೆ.

ಆತ್ಮಹತ್ಯೆಯೆಂಬ ಆಕ್ಷೇಪವನ್ನು ಎತ್ತಿ ಸಮಾಧಾನ ಹೇಳಿದವರೂ ಪೂಜ್ಯಪಾದರೇ. ಪ್ರಮತ್ತಯೋಗದಿಂದ ನಡೆಯುವ ಪ್ರಾಣಹರಣವು ಹಿಂಸೆ. ರಾಗ, ದ್ವೇಷ, ಮೋಹಗಳಿಂದ ಪ್ರೇರಿತನಾಗಿ ವಿಷಶಸ್ತ್ರಾದಿಗಳಿಂದ ತನ್ನನ್ನು ಕೊಂದುಕೊಳ್ಳುವವನು ಸ್ವಘಾತಿ. ಸಲ್ಲೇಖನಸ್ಥನಲ್ಲಿ ಆ ಪ್ರೇರಣೆಗಳಿಲ್ಲ ಎಂಬುದು ಅವರ ವಾದ. ಸರಕಿನ ಕೋಠಿಗೆ ಅಪಾಯ ಒದಗಿದಾಗ ಅದನ್ನು ತಪ್ಪಿಸಲು ಯತ್ನಿಸಿ, ಆಗದಿದ್ದಲ್ಲಿ ಸರಕನ್ನಾದರೂ ಉಳಿಸಿಕೊಳ್ಳುವ ವ್ಯಾಪಾರಿಯ ದೃಷ್ಟಾಂತವನ್ನು ಅವರು ಕೊಟ್ಟಿದ್ದಾರೆ. ಸಲ್ಲೇಖನದ ಐದು ಅತಿಚಾರಗಳಲ್ಲಿ ಜೀವಿತಾಶಂಸೆಯಂತೆ ಮರಣಾಶಂಸೆಯೂ ಒಂದು. ಅಂದರೆ ಸಾವನ್ನು ಬಯಸುವುದೇ ವ್ರತದ ದೋಷ. ಅಪರಾಧದ ವಿಚಾರಣೆಯಲ್ಲಿ ಉದ್ದೇಶವೇ ಮುಖ್ಯ ಪ್ರಶ್ನೆಯಾಗಿರುವುದರಿಂದ ಈ ಸೂತ್ರಕ್ಕೆ ಸಾಕ್ಷ್ಯದ ಬೆಲೆಯಿದೆ. ನ್ಯಾಯಮೂರ್ತಿ ಟಿ.ಕೆ. ತುಕೋಳರು 1976ರಲ್ಲಿ ಅಹಮದಾಬಾದಿನ ಲಾಲಭಾಯಿ ದಲಪತಭಾಯಿ ವಿದ್ಯಾಮಂದಿರದಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಲ್ಲೇಖನವು ಆತ್ಮಹತ್ಯೆಯಲ್ಲವೆಂಬುದನ್ನು ಶಾಸ್ತ್ರ ಮತ್ತು ದಂಡವಿಧಿ ಎರಡರ ದೃಷ್ಟಿಯಿಂದಲೂ ವಿಚಾರಮಾಡಿದ್ದಾರೆ.

ಅತ್ಯಾವಶ್ಯಕತೆಯ ಪ್ರಶ್ನೆಗೆ ಹತ್ತಿರವಾದ ಇನ್ನೊಂದು ಸಂಗತಿ ಪಂಡಿತರಿಗೆ ತಿಳಿದದ್ದೇ. ಕುಂದಕುಂದಾಚಾರ್ಯರು ಚಾರಿತ್ರಪಾಹುಡದಲ್ಲಿ ಸಲ್ಲೇಖನವನ್ನು ನಾಲ್ಕನೆಯ ಶಿಕ್ಷಾವ್ರತವಾಗಿ ಎಣಿಸಿದ್ದಾರೆ. ಆ ಎಣಿಕೆಯಂತೆ ಅದು ಶ್ರಾವಕನ ದ್ವಾದಶವ್ರತಗಳ ಒಳಗೇ ಸೇರುತ್ತದೆ. ತತ್ತ್ವಾರ್ಥಸೂತ್ರ ಮತ್ತು ರತ್ನಕರಂಡಕಗಳಲ್ಲಿ ಅದು ಹನ್ನೆರಡರ ನಂತರ ಪ್ರತ್ಯೇಕವಾಗಿ ಬರುತ್ತದೆ. ಈ ಭೇದವನ್ನು ಮರೆಮಾಚದೆ, ಯಾವ ಆಚಾರ್ಯಪರಂಪರೆಯಲ್ಲಿ ಯಾವ ಎಣಿಕೆಯಿದೆ, ಎರಡರಲ್ಲಿಯೂ ಅದಕ್ಕಿರುವ ಗೌರವವೇನು ಎಂಬುದನ್ನು ಆಧಾರಸಹಿತ ಮಂಡಿಸಬೇಕಾಗಿದೆ. ಒಂದನ್ನು ಮಾತ್ರ ತೋರಿಸಿದರೆ ಇನ್ನೊಂದನ್ನು ಪ್ರತಿಪಕ್ಷವು ತೋರಿಸುತ್ತದೆ.

ನ್ಯಾಯಾಲಯದ ಕಳವಳವನ್ನು ಹಗುರಾಗಿ ಕಾಣುವುದೂ ಸಲ್ಲದು. ವೃದ್ಧರೂ ಅಶಕ್ತರೂ ಪರರ ಒತ್ತಾಯಕ್ಕೆ ಸಿಲುಕಬಹುದೆಂಬ ಶಂಕೆ ನಿರಾಧಾರವಲ್ಲ. ಇದಕ್ಕೂ ಶಾಸ್ತ್ರವೇ ಉತ್ತರ ಕೊಡುತ್ತದೆ. ರತ್ನಕರಂಡಕವು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳೆಂಬ ಸನ್ನಿವೇಶಗಳಿಗೆ ಸಲ್ಲೇಖನವನ್ನು ಸೀಮಿತಗೊಳಿಸಿದೆ. ಭಗವತೀ ಆರಾಧನೆಯು ಕ್ಷಪಕನ ಪರೀಕ್ಷೆ, ಸಂಘದ ಸಮ್ಮತಿ, ನಲವತ್ತೆಂಟು ಮಂದಿ ನಿರ್ಯಾಪಕರು, ಅಷ್ಟು ಜನ ದೊರೆಯದಿದ್ದರೆ ಕನಿಷ್ಠ ಇಬ್ಬರು ಎಂಬ ವ್ಯವಸ್ಥೆಯನ್ನು ವಿಸ್ತಾರವಾಗಿ ಹೇಳಿದೆ. ವ್ಯಾಧಿಪೀಡಿತರಾದ ಸಮಂತಭದ್ರರು ಸಲ್ಲೇಖನವನ್ನು ಬೇಡಿದಾಗ, ಅವರಿಂದ ಧರ್ಮಕ್ಕೆ ಇನ್ನೂ ಆಗಬೇಕಾದ ಕಾರ್ಯವಿದೆಯೆಂದು ಗುರುಗಳು ಅನುಮತಿ ನಿರಾಕರಿಸಿದರೆಂಬ ಕಥೆ ಪರಂಪರೆಯಲ್ಲಿದೆ. ಬೇಡಿದವರಿಗೆಲ್ಲ ದೊರೆಯುವ ವ್ರತ ಇದಲ್ಲವೆಂಬುದನ್ನು ಆ ಕಥೆ ಸಾರುತ್ತದೆ. ಈ ನಿಯಮಗಳನ್ನು ಬಲ್ಲ ನ್ಯಾಯಪೀಠಕ್ಕೆ, ಒಂದು ನಿರ್ದಿಷ್ಟ ಸಂದರ್ಭದಲ್ಲಿ ಅವು ಪಾಲನೆಯಾದವೇ ಎಂದು ಕೇಳಲು ಅವಕಾಶವಾಗುತ್ತದೆ. ಆಚರಣೆಯನ್ನೇ ಸಾರಾಸಗಟಾಗಿ ನಿಷೇಧಿಸುವುದಕ್ಕಿಂತ ಅದು ನ್ಯಾಯವಾದ ಮಾರ್ಗ.

6. ಶಾಸನಸಾಕ್ಷ್ಯದ ಬಲ ಮತ್ತು ಮಿತಿ

ಆಚರಣೆಯ ಪ್ರಾಚೀನತೆಗೆ ಶ್ರವಣಬೆಳಗೊಳಕ್ಕಿಂತ ಮಿಗಿಲಾದ ಸಾಕ್ಷ್ಯಸಂಚಯ ದುರ್ಲಭ. ಅಲ್ಲಿಯ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ 144ರ ಸಂಖ್ಯೆಯಲ್ಲಿಯೂ, ಆರ್. ನರಸಿಂಹಾಚಾರ್ಯರು 1923ರಲ್ಲಿ 500ರ ಸಂಖ್ಯೆಯಲ್ಲಿಯೂ ಪ್ರಕಟಿಸಿದರು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ ಅವು 573 ಆದವು. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಕಾಣುವ ಕಿರುಬರಹಗಳಲ್ಲಿ ನೋಂತು ಮುಡಿಪಿದ ಮುನಿಗಳ, ಕಂತಿಯರ, ಶ್ರಾವಕರ ಹೆಸರುಗಳಿವೆ. ಗಂಗ ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸಾನ್ನಿಧ್ಯದಲ್ಲಿ ಆರಾಧನಾವಿಧಿಯಿಂದ ಮುಡಿಪಿದುದು ಕೂಗೆ ಬ್ರಹ್ಮದೇವರ ಕಂಬದ ಶಾಸನದಿಂದ ತಿಳಿಯುತ್ತದೆ. ಹೊಯ್ಸಳ ಪಟ್ಟಮಹಾದೇವಿ ಶಾಂತಲೆಯ ತಾಯಿ ಮಾಚಿಕಬ್ಬೆ ಒಂದು ತಿಂಗಳ ಅನಶನದಿಂದ ಸಮಾಧಿ ಪಡೆದುದನ್ನು ಹೇಳುವ ಶಾಸನವು, ಪ್ರಭಾಚಂದ್ರ ಸಿದ್ಧಾಂತದೇವರೇ ಮೊದಲಾದ ಗುರುಗಳು ಅಲ್ಲಿದ್ದುದನ್ನು ಹೆಸರಿಸಿಯೇ ದಾಖಲಿಸುತ್ತದೆ. ರಹಸ್ಯದಲ್ಲಿ ನಡೆದುದಲ್ಲ, ಗುರುಸಾಕ್ಷಿಯಾಗಿ ನಡೆದುದು ಎಂಬುದನ್ನು ದಾಖಲಿಸುವ ಉದ್ದೇಶ ಇಲ್ಲಿ ಸ್ಪಷ್ಟವಾಗಿದೆ.

ಈ ಶಾಸನಗಳೆಲ್ಲವೂ ವಿವಾದ ಹುಟ್ಟುವುದಕ್ಕೆ ಶತಮಾನಗಳ ಮೊದಲಿನವು. ಯಾವ ನ್ಯಾಯಾಲಯವನ್ನು ಒಪ್ಪಿಸುವ ಉದ್ದೇಶವೂ ಅವನ್ನು ಕೆತ್ತಿಸಿದವರಿಗೆ ಇರಲಿಲ್ಲ. ಸಾಕ್ಷ್ಯವಿಧಿಯ ಕಣ್ಣಿಗೆ ಅವುಗಳ ಬಲವಿರುವುದು ಇಲ್ಲಿಯೇ. ಆದರೆ ಮಿತಿಯೂ ಉಂಟು. ನಿಸಿಧಿಶಾಸನವು ಒಬ್ಬರು ಹೀಗೆ ಮುಡಿಪಿದರೆಂದು ಹೇಳುತ್ತದೆಯೇ ಹೊರತು ಎಲ್ಲರೂ ಹೀಗೆ ಮಾಡತಕ್ಕದ್ದೆಂದು ಹೇಳುವುದಿಲ್ಲ. ಪರಂಪರೆಗೆ ಶಾಸನವೂ ಸಿದ್ಧಾಂತಕ್ಕೆ ಗ್ರಂಥವೂ ಪ್ರಮಾಣ. ಎರಡನ್ನೂ ಜೊತೆಗಿಟ್ಟಾಗಲೇ ಸಾಕ್ಷ್ಯ ಪೂರ್ಣವಾಗುತ್ತದೆ. ಇವೆರಡರ ನಡುವಣ ಕೊಂಡಿಯಂತೆ ಕನ್ನಡದ ವಡ್ಡಾರಾಧನೆಯಿದೆ. ಭಗವತೀ ಆರಾಧನೆಯ ಗಾಹೆಗಳನ್ನು ಅವಲಂಬಿಸಿದ ಅದರ ಹತ್ತೊಂಬತ್ತು ಕಥೆಗಳು ಉಪಸರ್ಗವನ್ನು ಸಹಿಸಿದವರ ಸಮಾಧಿಯನ್ನು ಸಾಮಾನ್ಯ ಶ್ರಾವಕನ ಮನಸ್ಸಿಗೆ ಮುಟ್ಟಿಸಿದವು. ಡಿ.ಎಲ್. ನರಸಿಂಹಾಚಾರ್ಯರ 1949ರ ಆವೃತ್ತಿಯು ಪಾಠನಿರ್ಣಯದಲ್ಲಿ ತೋರಿದ ಎಚ್ಚರ ಇಂಥ ಕೃತಿಯನ್ನು ಎಲ್ಲಿ ಬೇಕಾದರೂ ಮುಂದಿಡಲು ಧೈರ್ಯ ಕೊಡುತ್ತದೆ.

7. ಉಪಸಂಹಾರ

ತಡೆಯಾಜ್ಞೆಯ ಬಳಿಕ ಕಾನೂನಿನಲ್ಲಿ ಕೆಲವು ಬದಲಾವಣೆಗಳಾಗಿವೆ. 2017ರ ಮಾನಸಿಕ ಆರೋಗ್ಯ ಅಧಿನಿಯಮವು ಆತ್ಮಹತ್ಯೆಗೆ ಯತ್ನಿಸಿದವರನ್ನು ದಂಡಿಸುವ ಕಲಮನ್ನು ಸಡಿಲಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗುಣವಾಗದ ಸ್ಥಿತಿಯಲ್ಲಿ ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕನ್ನು ಘನತೆಯ ಬದುಕಿನ ಅಂಗವೆಂದು ಒಪ್ಪಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಹಳೆಯ ದಂಡಸಂಹಿತೆಯ 309ನೆಯ ಕಲಂ ತನ್ನ ಹಿಂದಿನ ರೂಪದಲ್ಲಿ ಉಳಿದಿಲ್ಲ. ಆದರೆ ಆತ್ಮಹತ್ಯೆಗೆ ಪ್ರೇರಣೆ ನೀಡುವುದು ಅದರ 108ನೆಯ ಕಲಮಿನಂತೆ ಅಪರಾಧವಾಗಿಯೇ ಇದೆ. ವ್ರತಿಗೆ ದಂಡನೆಯ ಭಯ ಕಡಿಮೆಯಾದರೂ, ಆತನ ಬಳಿ ಕುಳಿತು ಧರ್ಮಶ್ರವಣ ಮಾಡಿಸುವ ನಿರ್ಯಾಪಕನು ಆಪಾದನೆಗೆ ಗುರಿಯಾಗಲಾರನೆಂದು ಇಷ್ಟರಿಂದಲೇ ಹೇಳುವಂತಿಲ್ಲ. ಸಲ್ಲೇಖನವು ಆತ್ಮಹತ್ಯೆಯೋ ಅಲ್ಲವೋ ಎಂಬ ಮೂಲಪ್ರಶ್ನೆಗೆ ಗ್ರಂಥಾಧಾರದ ಉತ್ತರವೇ ಬೇಕಾಗಿದೆ.

ಇದರಿಂದ ಜೈನವಿದ್ವಾಂಸರ ಮೇಲೆ ಬೀಳುವ ಹೊಣೆ ಸ್ಪಷ್ಟವಾಗಿದೆ. ಭಗವತೀ ಆರಾಧನೆ, ಮೂಲಾಚಾರ, ಚಾರಿತ್ರಪಾಹುಡ, ರತ್ನಕರಂಡಕ ಮತ್ತು ಸರ್ವಾರ್ಥಸಿದ್ಧಿಗಳ ಸಲ್ಲೇಖನಭಾಗಗಳನ್ನು ಕನ್ನಡ ಮತ್ತು ದೇವನಾಗರಿ ಲಿಪಿಯ ಉಪಲಬ್ಧ ಪ್ರತಿಗಳೊಂದಿಗೆ ಹೋಲಿಸಿ, ಪ್ರತಿಗಳ ಕಾಲ, ಭಂಡಾರ, ಪಾಠಾಂತರಗಳನ್ನು ಕಾಣಿಸಿ, ನಿಷ್ಠವಾದ ಅನುವಾದದೊಂದಿಗೆ ಒಂದೆಡೆ ಒದಗಿಸಬೇಕು. ಶ್ವೇತಾಂಬರ ಆಗಮಗಳ ಸಂಬಂಧಪಟ್ಟ ಭಾಗಗಳನ್ನೂ ಅದೇ ಕ್ರಮದಲ್ಲಿ ಸೇರಿಸಬೇಕು. ನಿಸಿಧಿಶಾಸನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಗುರುಸಾನ್ನಿಧ್ಯ, ಅನಶನದ ಅವಧಿ, ಕಾರಣ ಇವು ಉಕ್ತವಾಗಿರುವ ಕಡೆಗಳನ್ನು ಗುರುತಿಸಬೇಕು. ಸಂದಿಗ್ಧ ಗ್ರಂಥಗಳನ್ನು ಸಂದಿಗ್ಧವೆಂದೇ ಹೇಳಬೇಕು. ಅನುಕೂಲವಾದ ವಾಕ್ಯವೊಂದನ್ನು ಸಂದೇಹಾಸ್ಪದ ಸಂಹಿತೆಯಿಂದ ಎತ್ತಿ ತಂದರೆ, ಅದು ಬಿದ್ದಾಗ ತನ್ನೊಡನೆ ಶುದ್ಧಪ್ರಮಾಣಗಳ ಮೇಲಿನ ವಿಶ್ವಾಸವನ್ನೂ ಬೀಳಿಸುತ್ತದೆ.

ಬುಕ್ಕರಾಯನ ಕಾಲದ ಭವ್ಯಜನರು ತಮಗೆ ದೊರೆತ ನ್ಯಾಯವನ್ನು ಕಲ್ಲಿನಲ್ಲಿ ಬರೆಸಿದರು. ಮೂಡುಬಿದಿರೆಯ ಶ್ರಾವಕರು ಓಲೆಗಳನ್ನು ಪೀಳಿಗೆಯಿಂದ ಪೀಳಿಗೆಗೆ ಕಾಯ್ದರು. ಆ ರಕ್ಷಣೆಯಿಂದ ಉಳಿದುಬಂದ ಶ್ರುತವನ್ನು ಪರೀಕ್ಷಿಸಿ, ಶೋಧಿಸಿ, ನ್ಯಾಯಪೀಠವೂ ಓದಬಲ್ಲ ರೂಪದಲ್ಲಿ ಸಕಾಲದಲ್ಲಿ ಮುಂದಿಡುವ ಕಾರ್ಯವು ಇನ್ನೂ ಪೂರ್ಣವಾಗಬೇಕಾಗಿದೆ.